ದೂಧಗಂಗಾ ತಂಡದ ಹೊಳೆವ್ವ

ದೂಧಗಂಗಾ ತಂಡ ಎಂದರೆ ಈಗಿನವರು ಯಾವುದೋ ಹಾಲಿನ ಡೇರಿಯ ಮಾತು ಎಂದುಕೊಳ್ಳುತ್ತಾರೆ. ಅಲ್ಲಪ್ಪ, ಅದು ನಮ್ಮ ಸೀಮೆಯ ದೂಧಗಂಗಾ ಹೊಳೆಯ ಹೆಸರಿನ ಬಾಸ್ಕೆಟ್‌ಬಾಲ್ ತಂಡ, ಹೆಣ್ಣುಮಕ್ಕಳದು, ಸಂಬಳ ಪಡೆದು ಆಡುವವರದು, ನಮ್ಮ ನಿಪ್ಪಾಣಿಯದು ಎಂದರೆ ನಗುತ್ತಾರೆ. ನಾನು ನಿಪ್ಪಾಣಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಆ ತಂಡ ಬದುಕಿದ್ದ ಮೂರು ಚಳಿಗಾಲಗಳಲ್ಲಿ ಊರಲ್ಲಿ ನಡೆದ ಒಂದು ಆಟವನ್ನೂ ತಪ್ಪಿಸಿಕೊಂಡವನಲ್ಲ. ಅದರ ಕಥೆ ಹೇಳಬೇಕೆಂದರೆ ಹೊಳೆವ್ವನ ಕಥೆಯನ್ನೇ ಹೇಳಬೇಕು. ನನಗೆ ಗೊತ್ತಿರುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದದ್ದು ಅವಳೇ ಹೇಳಿದ್ದು.

ಹೊಳೆವ್ವ ಕುರಿಗಾರರ ಮಗಳು. ತಂದೆ ಕಾಮಣ್ಣ, ತಾಯಿ ಸಾವಕ್ಕ. ಮನೆ ರಾಯಬಾಗದ ಕಡೆ ಇದ್ದರೂ ವರ್ಷದ ಬಹುಪಾಲು ಅವರ ಬಿಡಾರ ಯಾರದೋ ಹೊಲದಲ್ಲಿ. ಕಬ್ಬಿನವರು, ದ್ರಾಕ್ಷಿಯವರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಾರೆ. ಒಂದು ಹೊಲ ಮುಗಿದರೆ ಇನ್ನೊಂದಕ್ಕೆ ಹೋಗುವುದು. ಹಾಗೆ ಕೃಷ್ಣಾ ಹೊಳೆಯ ದಂಡೆಯಲ್ಲಿ ಬಿಡಾರ ಬಿದ್ದಿದ್ದಾಗ ಹುಟ್ಟಿದವಳು, ಅದಕ್ಕೇ ಆ ಹೆಸರು. ಓದಲೆಂದು ಅವಳನ್ನು ಶೇಡಬಾಳದ ಅತ್ತೆಯ ಮನೆಯಲ್ಲಿ ಬಿಟ್ಟರು. ಏಳನೆಯ ತರಗತಿಗೆ ಬರುವಷ್ಟರಲ್ಲಿ ಅವಳು ಮಾಸ್ತರರಿಗಿಂತ ಎತ್ತರವಾಗಿದ್ದಳು. ಹುಡುಗರು ಏಣಿ ಎನ್ನುತ್ತಿದ್ದರು. ಪ್ರಾರ್ಥನೆಗೆ ಕೊನೆಯಲ್ಲಿ ನಿಲ್ಲುವುದು, ಫೋಟೋ ತೆಗೆಯುವಾಗ ಮೊಣಕಾಲು ಮಡಚುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಶಾಲೆಯ ಹಿಂದೆ ಸಿಮೆಂಟಿನ ಸಣ್ಣ ಅಂಗಳ, ಎರಡು ಕಬ್ಬಿಣದ ಕಂಬ, ರಿಂಗು. ಆಟದ ಟೀಚರು ಶೈಲಾ ಮೇಡಂ ಒಬ್ಬರೇ ಹಟ ಹಿಡಿದು ಅಲ್ಲಿ ಬಾಸ್ಕೆಟ್‌ಬಾಲ್ ಆಡಿಸುತ್ತಿದ್ದರು. ಒಂದು ದಿನ ಚೆಂಡು ರಿಂಗು ಮತ್ತು ಬೋರ್ಡಿನ ನಡುವೆ ಸಿಕ್ಕಿಕೊಂಡಿತು. ಹುಡುಗರು ಚಪ್ಪಲಿ ಎಸೆದು ಕೆಡವಲು ನೋಡುತ್ತಿದ್ದರು. ನೀರು ಕುಡಿಯಲು ಹೋಗುತ್ತಿದ್ದ ಹೊಳೆವ್ವ ಸುಮ್ಮನೆ ಜಿಗಿದು ಕೈಯಿಂದ ತಟ್ಟಿದಳು. ಚೆಂಡು ಕೆಳಗೆ ಬಿತ್ತು. ಅವಳು ನೀರು ಕುಡಿಯಲು ಹೋದಳು. ಮೇಡಂ ಅವಳ ಹಿಂದೆಯೇ ನಲ್ಲಿಯವರೆಗೆ ಹೋದರು.

ಆ ಭಾನುವಾರ ಶೈಲಾ ಮೇಡಂ ಕುರಿಗಳ ಬಿಡಾರ ಹುಡುಕಿಕೊಂಡು ದ್ರಾಕ್ಷಿ ತೋಟಕ್ಕೇ ಬಂದರು. ಬೆಳಗಾವಿಯ ಕ್ರೀಡಾ ಹಾಸ್ಟೆಲಿಗೆ ಹುಡುಗಿಯನ್ನು ಕಳಿಸಿಕೊಡಿ ಎಂದಾಗ ಕಾಮಣ್ಣ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

"ಆಟಕ್ಕ ಕಳಿಸಿದ್ರ ಕುರಿ ಯಾರ ಕಾಯೋದ್ರಿ, ಬಾಯಾರ? ಇನ್ನ ಎರಡ ವರ್ಷ ಆದ್ರ ಮದುವಿಗಿ ಬರ್ತಾಳ."

ಸಾವಕ್ಕ ಒಲೆಯ ಮುಂದೆ ಕುಳಿತಿದ್ದಳು. ಅವಳೂ ಎತ್ತರದ ಹೆಂಗಸು. ಗಂಡನಿಗಿಂತ ಗಿಡ್ಡ ಕಾಣಲೆಂದು ಜೀವನವಿಡೀ ಬಗ್ಗಿ ನಡೆದು ಬೆನ್ನೇ ಬಾಗಿತ್ತು.

"ಕುರಿ ನಾ ಕಾಯ್ತೀನಿ," ಎಂದಳು. "ನಾ ಬಗ್ಗಿ ಬಗ್ಗಿ ಸಣ್ಣಾಕಿ ಆದ್ನಿ. ಇಕಿ ಎಲ್ಲರ ಹೋಗಿ ನೆಟ್ಟಗ ನಿಲ್ಲಲಿ."

ಆ ವರ್ಷವೇ ಹೊಳೆವ್ವ ಬೆಳಗಾವಿಗೆ ಹೋದಳು.

ಹಾಸ್ಟೆಲಿನಲ್ಲಿ ಅವಳಿಗೆ ಸಿಕ್ಕವಳು ಪ್ರಾಜಕ್ತಾ. ಕಾಗವಾಡದ ದ್ರಾಕ್ಷಿ ತೋಟದವರ ಮಗಳು, ಹೊಳೆವ್ವನ ಭುಜದ ಕೆಳಗೆ ಬರುವಷ್ಟು ಗಿಡ್ಡ. ಅರ್ಧ ಕನ್ನಡ, ಅರ್ಧ ಮರಾಠಿ, ಬಾಯಿ ಸುಮ್ಮನಿರುತ್ತಿರಲಿಲ್ಲ. ಚೆಂಡು ನೆಲಕ್ಕೆ ಬಡಿಯುತ್ತ ಎದುರಿನವರ ಕಾಲಸಂದಿಯಲ್ಲಿ ನುಸುಳಿ ಹೋಗುವುದರಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮೊದಮೊದಲು ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಪಕ್ಕದ ಹಾಸಿಗೆ, ಒಂದೇ ಬಕೆಟ್ಟು, ಒಂದೇ ಬೆಳಗಿನ ಓಟ. ಆಮೇಲೆ ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡದಂತಾದರು. ಆಟದಲ್ಲಿ ಪ್ರಾಜಕ್ತಾ ಬಲಕ್ಕೆ ನೋಡುತ್ತ ಎಡಕ್ಕೆ ಚೆಂಡು ಒಗೆಯುವುದನ್ನು ಕಲಿತಳು. ಆ ಎಡಗಡೆ ಮೂಲೆಯಲ್ಲಿ, ರಿಂಗಿನ ಕೆಳಗೆ, ಹೊಳೆವ್ವ ಇದ್ದೇ ಇರುತ್ತಿದ್ದಳು.

"ನೀ ಎಲ್ಲಿದ್ದೀ ಅಂತ ನಾ ನೋಡೂದ ಇಲ್ಲ," ಎನ್ನುತ್ತಿದ್ದಳು ಪ್ರಾಜಕ್ತಾ. "ಗೊತ್ತ ಇರ್ತೈತಿ."

ಇಬ್ಬರೂ ರಾಜ್ಯದ ಕಿರಿಯರ ತಂಡಕ್ಕೆ ಆಡಿ, ಇನ್ನು ಮುಂದೇನು ಎಂದು ಕೈಚೆಲ್ಲಿ ಕುಳಿತಿದ್ದ ಕಾಲಕ್ಕೆ ಮುಂಬೈಯ ಯಾವುದೋ ಕಂಪನಿ ಹೆಣ್ಣುಮಕ್ಕಳ ಲೀಗ್ ಹುಟ್ಟುಹಾಕಿತು. ಪುಣೆ, ಚೆನ್ನೈ, ಕೊಚ್ಚಿಯಂಥ ಊರುಗಳ ನಡುವೆ ನಿಪ್ಪಾಣಿಯ ಹೆಸರು ಹೇಗೆ ಸೇರಿತು ಎಂದರೆ, ಭೀಮಗೊಂಡ ಪಾಟೀಲರಿಂದ. ಅಥಣಿ ಕಡೆ ಅವರಿಗೆ ದ್ರಾಕ್ಷಿ ತೋಟ, ನಿಪ್ಪಾಣಿಯಲ್ಲಿ ಅಜ್ಜನ ಕಾಲದ ತಂಬಾಕಿನ ವಖಾರಿ, ಎಂದರೆ ಗೋದಾಮು. ಕಾಲೇಜಿನಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿದವರು, ಹುಚ್ಚು ಬಿಟ್ಟಿರಲಿಲ್ಲ. ತಂಬಾಕಿನ ವ್ಯಾಪಾರ ನಿಂತು ಖಾಲಿ ಬಿದ್ದಿದ್ದ ವಖಾರಿಯನ್ನು ಗುಡಿಸಿ, ಮರದ ನೆಲ ಹಾಸಿ, ದೀಪ ಹಾಕಿ, ಸುತ್ತ ಮೆಟ್ಟಿಲು ಕಟ್ಟಿಸಿದರು. ಎಷ್ಟು ಸುಣ್ಣ ಬಳಿದರೂ ಗೋಡೆಯೊಳಗಿನ ತಂಬಾಕಿನ ಘಾಟು ಹೋಗಲಿಲ್ಲ. ಹೊರಗಿನಿಂದ ಬಂದ ತಂಡಗಳ ಹುಡುಗಿಯರು ಮೊದಲ ಹತ್ತು ನಿಮಿಷ ಸೀನುವುದರಲ್ಲೇ ಕಳೆಯುತ್ತಿದ್ದರು.

ನಮ್ಮ ತಂಡದಲ್ಲಿ ಕೇರಳದವರಿದ್ದರು, ಛತ್ತೀಸಗಡದವರಿದ್ದರು, ಕೋಚ್ ಕೂಡ ಕೇರಳದವರು. ಶೈಲಾ ಮೇಡಂ ರಜೆ ಹಾಕಿ ಮ್ಯಾನೇಜರ್ ಆಗಿ ಬಂದರು. ನಮ್ಮ ನೆಲದವರೆಂದರೆ ಹೊಳೆವ್ವ, ಪ್ರಾಜಕ್ತಾ ಇಬ್ಬರೇ. ಮೊದಲ ಚಳಿಗಾಲ ತಂಡ ಸೋತದ್ದೇ ಸೋತದ್ದು. ನೋಡಲು ಬರುತ್ತಿದ್ದವರು ನನ್ನಂಥ ಸಂಜೆ ಹೊತ್ತು ಕೆಲಸವಿಲ್ಲದವರು, ಕಾಲೇಜಿನ ಕೆಲವು ಹುಡುಗರು. ಒಂದು ಸಂಜೆ ಪಕ್ಕದ ಓಣಿಯ ವಖಾರಿಯಲ್ಲಿ ತಂಬಾಕು ಹಸನು ಮಾಡುವ ಕೆಂಚವ್ವ ಕೆಲಸ ಮುಗಿಸಿ ಹೋಗುವಾಗ ಗದ್ದಲ ಕೇಳಿ ಒಳಗೆ ಇಣುಕಿದಳು. ಆರಡಿಗೆ ಒಂದು ಬೆರಳು ಕಡಿಮೆ ಇದ್ದ ಹೆಣ್ಣೊಂದು ಚಡ್ಡಿ ಬನಿಯನ್ನಿನಲ್ಲಿ ಓಡುವುದನ್ನು ಕಂಡು, ಬಾಯಿಗೆ ಸೆರಗು ಹಚ್ಚಿಕೊಂಡು ನಿಂತಳು. ಪಕ್ಕದಲ್ಲಿದ್ದ ನನ್ನನ್ನು ಕೇಳಿದಳು: "ಯಾರ ಮಗಳ್ರಿ ಆಕಿ?"

"ಕುರಿ ಕಾಮಣ್ಣನ ಮಗಳಂತ. ರಾಯಬಾಗ ಕಡೆಯವರು."

"ನಮ್ಮಾಕಿನ ಹಂಗಾರ!" ಎಂದವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಮುಂದಿನ ಆಟಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ಆಮೇಲೆ ಒಂದು ಇಡೀ ಬದಿ ಅವರದೇ ಆಯಿತು. ಆಟದ ಕಾನೂನು ಅವರಿಗೆ ಬೇಕಿರಲಿಲ್ಲ. ಚೆಂಡು ಹೊಳೆವ್ವನ ಕೈಗೆ ಬಂದರೆ ಸಾಕು, "ಎತ್ತಿ ಹಾಕ ಬೇ!" ಎಂದು ವಖಾರಿ ಹಾರಿಹೋಗುವಂತೆ ಕೂಗುತ್ತಿದ್ದರು. ಚೆನ್ನೈಯ ಕೋಚ್ ಒಬ್ಬರು ಆ ಮಾತಿನ ಅರ್ಥ ಏನೆಂದು ನನ್ನನ್ನು ವಿಚಾರಿಸಿದ್ದುಂಟು.

ಕಾಮಣ್ಣನೂ ಒಮ್ಮೆ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಾಗಿಲ ಕಾವಲುಗಾರ ಕೋಲು ಒಳಗೆ ಬಿಡುವುದಿಲ್ಲ ಎಂದ. ಕೋಲು ಬಿಟ್ಟು ತಾನು ಬರುವುದಿಲ್ಲ ಎಂದು ಕಾಮಣ್ಣ ಹೊರಗೇ ಕುಳಿತ. ಭೀಮಗೊಂಡ ಪಾಟೀಲರು ತಾವೇ ಬಂದು, "ಕೋಲಿನ ಸಮೇತ ಬರ್ರಿ ಕಾಮಣ್ಣ," ಎಂದು ಕೈಹಿಡಿದು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದರು. ಆಟ ಮುಗಿದ ಮೇಲೆ ಮಗಳು ಬೆವರು ಒರೆಸುತ್ತ ಬಂದು ಎದುರು ನಿಂತಳು.

"ಹೆಂಗಿತ್ತ ಅಪ್ಪಾ?"

ಕಾಮಣ್ಣ ಕೋಲು ಎತ್ತಿ ರಿಂಗಿನ ಕಡೆ ತೋರಿಸಿದ. "ಛಲೋ ಐತಿ. ಆದ್ರ ಆ ಬುಟ್ಟಿಗಿ ತಳಾನ ಇಲ್ಲಲ್ಲ ಮಗಳ. ಹಾಕಿದ್ದೆಲ್ಲಾ ಕೆಳಗ ಬೀಳತೈತಿ."

ತಂಡದ ಹುಡುಗಿಯರಿಗೆ ಪ್ರಾಜಕ್ತಾ ಇದನ್ನು ಹಿಂದಿಯಲ್ಲಿ ಹೇಳಿದಾಗ ಎಲ್ಲರೂ ನೆಲದ ಮೇಲೆ ಬಿದ್ದು ನಕ್ಕರು. ಹೊಳೆವ್ವ ಮಾತ್ರ ಅಪ್ಪನ ಕಣ್ಣು ನೋಡುತ್ತಿದ್ದಳು. ಅವು ತುಂಬಿದ್ದವು.

ಎರಡನೆಯ ವರ್ಷ ತಂಡ ನಾಲ್ಕನೆಯದಾಯಿತು. ಮೂರನೆಯ ವರ್ಷ, ಎರಡು ಸಾವಿರದ ಇಪ್ಪತ್ತರ ಜನವರಿ ಫೆಬ್ರುವರಿಯಲ್ಲಿ, ಅದು ಎಲ್ಲರಿಗಿಂತ ಮೇಲಿತ್ತು. ಬೋರಗಾಂವದಿಂದ ಮಗ್ಗದವರು ಪಾಳಿ ಬದಲಿಸಿಕೊಂಡು ಬರತೊಡಗಿದರು. ರಸ್ತೆಯಲ್ಲಿ ಹೊಳೆವ್ವ ನಡೆದರೆ ಅಂಗಡಿಯವರು ಹೊರಗೆ ಬಂದು ನಿಲ್ಲುತ್ತಿದ್ದರು. ಯಾರೂ ಏಣಿ ಎನ್ನಲಿಲ್ಲ. "ಆ ವರ್ಷ ನಾ ಒಮ್ಮೆನೂ ನನ್ನ ಎತ್ತರ ನೆನಸಲಿಲ್ರಿ ಸರ," ಎಂದು ಅವಳು ನನಗೆ ಹೇಳಿದ್ದಳು.

ಮಾರ್ಚ್ ಮೊದಲ ವಾರ ಪುಣೆಯಲ್ಲಿ ಸೆಮಿಫೈನಲ್. ಗೆದ್ದರೆ ಫೈನಲ್ ನಿಪ್ಪಾಣಿಯಲ್ಲೇ. ಊರಿನ ಜನ ಎರಡು ಟೆಂಪೋ ಮಾಡಿಕೊಂಡು ಹೋಗಿದ್ದೆವು, ಕೆಂಚವ್ವನೂ ಇದ್ದಳು. ಆಟ ಕೊನೆಯ ಹಂತಕ್ಕೆ ಬಂದಾಗ ಹೊಳೆವ್ವ ಚೆಂಡಿಗೆ ಹಾರಿ ಯಾರದೋ ಪಾದದ ಮೇಲೆ ಇಳಿದಳು. ಮೊಣಕಾಲು ಒಳಗೆ ತಿರುಗಿತು. ಆ ಸದ್ದು ನಮಗೆ ಕೇಳಲಿಲ್ಲ, ಪ್ರಾಜಕ್ತಾಗೆ ಕೇಳಿಸಿತಂತೆ. ಶೈಲಾ ಮೇಡಂ ಓಡಿಬಂದು, "ಸಾಕು, ಹೊರಗ ಬಾ," ಎಂದರು. ಹೊಳೆವ್ವ ತಲೆಯಾಡಿಸಿದಳು. ಅವಳ ಬದಲಿಗೆ ಆಡಬೇಕಾದ ಎತ್ತರದ ಹುಡುಗಿ ಫೌಲ್‌ಗಳಾಗಿ ಆಗಲೇ ಹೊರಗೆ ಕುಳಿತಿದ್ದಳು. ನಾವು ಒಂದು ಅಂಕ ಹಿಂದೆ ಇದ್ದೆವು, ಉಳಿದದ್ದು ಕೆಲವೇ ಸೆಕೆಂಡು.

ಪ್ರಾಜಕ್ತಾ ಅವಳ ಸೊಂಟ ಹಿಡಿದು ಎಬ್ಬಿಸಿ ಕೇಳಿದಳು: "ಅಗ ಹೊಳಿ, ನಿಲ್ತೀಯೇನ?"

"ಓಡಾಕ ಆಗೂದಿಲ್ಲ. ನಿಂತಲ್ಲೇ ನಿಲ್ತೀನಿ. ನೀ ಒಗಿ."

ರಿಂಗಿನ ಕೆಳಗೆ ಎಡಗಡೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಳು. ಕುಂಟಿಯನ್ನು ಕಾಯುವುದೇನು ಎಂದು ಪುಣೆಯವರು ಅವಳನ್ನು ಬಿಟ್ಟು ಪ್ರಾಜಕ್ತಾಳನ್ನು ಸುತ್ತಿದರು. ಪ್ರಾಜಕ್ತಾ ಬಲಕ್ಕೆ ನುಗ್ಗಿದಳು, ಬಲಕ್ಕೇ ನೋಡಿದಳು, ಮೂವರ ನಡುವಿನಿಂದ ಚೆಂಡು ಎಡಕ್ಕೆ ಬಂತು. ಹೊಳೆವ್ವ ಜಿಗಿಯಲಿಲ್ಲ. ಹಿಮ್ಮಡಿ ಎತ್ತಿ, ಕೈ ಚಾಚಿ, ಕಪಾಟಿನ ಮೇಲೆ ಡಬ್ಬಿ ಇಡುವಂತೆ ಚೆಂಡನ್ನು ಮೆಲ್ಲಗೆ ತೂರಿ, ಬೋರ್ಡಿಗೆ ತಾಗಿಸಿ ರಿಂಗಿನೊಳಗೆ ಬೀಳಿಸಿದಳು. ಎರಡು ಅಂಕ, ಆಟ ನಮ್ಮದಾಯಿತು. ಕೆಂಚವ್ವ ಕೂಗಲಿಲ್ಲ. ನನ್ನ ತೋಳು ಹಿಡಿದು ಅಳುತ್ತಿದ್ದಳು.

ಫೈನಲ್ ಮಾರ್ಚ್ ಕೊನೆಯ ಶನಿವಾರಕ್ಕೆ ಗೊತ್ತಾಯಿತು. ಚೌಕದಲ್ಲಿ ಬ್ಯಾನರ್ ಕಟ್ಟಿದರು. ಪಾಟೀಲರು ವಖಾರಿಗೆ ಹೊಸ ಬಣ್ಣ ಬಳಿಸಿದರು. ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಹೊಳೆವ್ವ, ಆಡಲಾಗದಿದ್ದರೂ ತಂಡದ ಬಟ್ಟೆ ಹಾಕಿಕೊಂಡು ಬೆಂಚಿನ ಮೇಲೆ ಕೂರುವೆ, ಕೊನೆಗೆ ಒಂದು ನಿಮಿಷ ನನ್ನನ್ನೂ ಆಟದೊಳಗೆ ನಿಲ್ಲಿಸಿರಿ ಎಂದು ಕೋಚ್ ಹತ್ತಿರ ಮಾತು ತೆಗೆದುಕೊಂಡಿದ್ದಳು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಲೀಗಿನವರಿಂದ ಒಂದು ಸಾಲಿನ ಸಂದೇಶ: ಪಂದ್ಯವನ್ನು ಮುಂದೂಡಲಾಗಿದೆ. ದೂರದ ಹುಡುಗಿಯರು ಸಿಕ್ಕ ಗಾಡಿ ಹತ್ತಿ ಹೋದರು. ಪ್ರಾಜಕ್ತಾಳ ಅಣ್ಣ ಬಂದು ಅವಳನ್ನು ಕಾಗವಾಡಕ್ಕೆ ಕರೆದೊಯ್ದ. ಹೋಗುವಾಗ ಅವಳು ಗಾಡಿಯ ಕಿಟಕಿಯಿಂದ, "ಹದಿನೈದ ದಿವಸ ಅಷ್ಟ, ಕಾಲಿಗಿ ರೆಸ್ಟ್ ಸಿಗತೈತಿ," ಎಂದು ಕೂಗಿದಳು.

ಹೊಳೆವ್ವ ಅಪ್ಪನ ಬಿಡಾರಕ್ಕೆ ಹೋದಳು. ಆಗ ಅದು ಕಾಗವಾಡದ ಹತ್ತಿರ ಒಂದು ದ್ರಾಕ್ಷಿ ತೋಟದಲ್ಲಿತ್ತು. ಮೊಣಕಾಲು ಸೋರೆಕಾಯಿಯಂತೆ ಊದಿತು. ಆಪರೇಷನ್ ಮಿರಜದಲ್ಲಿ ಎಂದು ಪಾಟೀಲರು ಮೊದಲೇ ಗೊತ್ತು ಮಾಡಿದ್ದರು. ಆದರೆ ಮಿರಜ ಮಹಾರಾಷ್ಟ್ರದ್ದು, ಗಡಿ ಮುಚ್ಚಿತ್ತು. ರಸ್ತೆಗೆ ಅಡ್ಡ ಮಣ್ಣು ಸುರಿದಿದ್ದರು. ರಾತ್ರಿಯಾದರೆ ಮಿರಜದ ಕಡೆಯ ದೀಪಗಳ ಬೆಳಕು ಆಕಾಶದಲ್ಲಿ ಕಾಣುತ್ತಿತ್ತು, ಅಲ್ಲಿಗೆ ಹೋಗುವಂತಿರಲಿಲ್ಲ. ಕೊಳ್ಳುವವರಿಲ್ಲದೆ ದ್ರಾಕ್ಷಿ ಬಳ್ಳಿಯಲ್ಲೇ ಬಾಡುತ್ತಿತ್ತು. ಸಾವಕ್ಕ ದಿನವೂ ಬಿಸಿ ಉಪ್ಪಿನ ಗಂಟಿನಿಂದ ಮಗಳ ಕಾಲಿಗೆ ಕಾವು ಕೊಡುತ್ತಿದ್ದಳು. ಅಂತೂ ದಾರಿ ತೆರೆದು ಮಿರಜಕ್ಕೆ ಹೋದಾಗ ಡಾಕ್ಟರು ಕೈಲಾದದ್ದು ಮಾಡಿದರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಜಿಗಿಯುವುದು ಮಾತ್ರ ಇನ್ನಿಲ್ಲ ಎಂದರು.

ಲೀಗ್ ಮತ್ತೆ ಶುರುವಾಗಲಿಲ್ಲ. ರದ್ದಾಗಿದೆ ಎಂದೂ ಯಾರೂ ಹೇಳಲಿಲ್ಲ. ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಮೊದಲು ದಿನವೂ ಫೈನಲ್ ಮಾತು ಇರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹಬ್ಬದ ಶುಭಾಶಯಗಳು. ಪ್ರಾಜಕ್ತಾಗೆ ಬಿಲಾಸ್‌ಪುರದಲ್ಲಿ ರೈಲ್ವೆ ತಂಡದ ಆಯ್ಕೆಗೆ ಕರೆ ಬಂತು. ಅವಳು ಹೋಗಲೋ ಬೇಡವೋ ಎಂದು ಒದ್ದಾಡುತ್ತ ಬಿಡಾರಕ್ಕೆ ಬಂದಳು.

"ನೀ ಬರದ ನಾ ಹೆಂಗ ಹೋಗಲಿ?"

"ನನ್ನ ಕಾಲ ನೋಡಿ ನೀನೂ ಕುಂದರ್ತೀಯೇನ? ಹೋಗ ಪ್ರಾಜು," ಎಂದಳು ಹೊಳೆವ್ವ. ನಗುತ್ತಲೇ ಹೇಳಿದಳು. ಪ್ರಾಜಕ್ತಾ ಹೋದ ಮೇಲೆ ಅವಳು ಕುರಿಗಳ ನಡುವೆ ಹೋಗಿ ಕುಳಿತು ಅತ್ತದ್ದನ್ನು ಸಾವಕ್ಕ ಕಂಡಳು, ಕರೆಯಲಿಲ್ಲ.

ಪಾಟೀಲರು ಇನ್ನೊಂದು ವರ್ಷ ವಖಾರಿಯ ಬಾಗಿಲು ತೆರೆದು ಗುಡಿಸಿ ಮುಚ್ಚುತ್ತಿದ್ದರು. ಕಡೆಗೆ ಅದನ್ನು ಮದುವೆಗಳಿಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯ ಮಾಡಿದರು. ಹೇಳಲು ತಾವೇ ಹೊಳೆವ್ವನ ಹತ್ತಿರ ಬಂದಿದ್ದರು. ಚಹಾ ಕುಡಿಯುತ್ತ, "ತಂಡ ಮುಚ್ಚೇನಿ ಅಂತ ನಾ ಎಲ್ಲೂ ಅಂದಿಲ್ಲ ತಂಗಿ," ಎಂದರು. "ನೆಲಾ ಹಂಗ ಬಿಟ್ಟೇನಿ. ಮ್ಯಾಲ ಬರೇ ಜಾಜಮು ಹಾಸೇನಿ."

ಹೊಳೆವ್ವ ಪರೀಕ್ಷೆ ಬರೆದು ಸರ್ಕಾರಿ ಬಸ್ಸಿನ ಕಂಡಕ್ಟರ್ ಆದಳು. ಕೆಲಸಕ್ಕೆ ಸೇರಿದಾಗಿನಿಂದ ನಿಪ್ಪಾಣಿ–ಚಿಕ್ಕೋಡಿ ಮಾರ್ಗ. ಶಿಕ್ಷಣ ಇಲಾಖೆಯ ಕೆಲಸಕ್ಕೆ ನಾನು ಚಿಕ್ಕೋಡಿಗೆ ಹೋಗುವಾಗ ಆಗಾಗ ಅವಳ ಬಸ್ಸು ಸಿಗುತ್ತದೆ. ಖಾಕಿ ಕೋಟು, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷಿನ್ನು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿರುವಾಗ ನನ್ನ ಪಕ್ಕ ಕುಳಿತು ಹಳೆಯದನ್ನೆಲ್ಲ ಹೇಳುತ್ತಾಳೆ. ಬಸ್ಸು ಕಾರ್ಯಾಲಯದ ಮುಂದೆ ಹಾಯುವಾಗ ಮಾತ್ರ ಮಾತು ನಿಲ್ಲಿಸುತ್ತಾಳೆ. ಒಮ್ಮೆ ಕೇಳಿದೆ, "ಬ್ಯಾಸರ ಆಗತೈತೇನವಾ?"

"ಬ್ಯಾಸರ ಅಲ್ರಿ. ಯಾರೋ ಒಳಗ ಆಡಾಕತ್ತಾರ, ನನಗ ಹೊತ್ತಾತು ಅನಸತೈತಿ."

ಹೋದ ವರ್ಷ ಪ್ರಾಜಕ್ತಾಳ ತಮ್ಮ ಸುರಜನ ಮದುವೆ ನಿಶ್ಚಯವಾಯಿತು. ಹುಡುಗಿ ನಿಪ್ಪಾಣಿಯವಳು, ಮದುವೆ ಅದೇ ಕಾರ್ಯಾಲಯದಲ್ಲಿ. ಹೊಳೆವ್ವನಿಗೆ ರಜೆ ಸಿಗಲಿಲ್ಲ. ಎರಡು ಟ್ರಿಪ್ಪಿನ ನಡುವೆ ಡ್ರೈವರಿಗೆ ಹೇಳಿ, ಖಾಕಿಯಲ್ಲೇ ಅಕ್ಕಿಕಾಳು ಹಾಕುವ ಹೊತ್ತಿಗೆ ಬಂದಳು. ನಾನೂ ಅಲ್ಲಿದ್ದೆ. ವಖಾರಿಯೊಳಗೆ ಅವಳು ಕಾಲಿಟ್ಟದ್ದು ತಂಡ ಚದುರಿದ ಮೇಲೆ ಅದೇ ಮೊದಲು. ರಿಂಗು ಇದ್ದ ಕಡೆ ವಧೂವರರ ವೇದಿಕೆ, ಹೂವು, ಬಣ್ಣದ ದೀಪ. ಅತ್ತರಿನ ವಾಸನೆಯ ಕೆಳಗೆ ತಂಬಾಕಿನ ಘಾಟು ಇನ್ನೂ ಇತ್ತು. ಜನರ ನಡುವೆ ನಿಂತು ಅವಳು ಚಪ್ಪಲಿ ಬಿಟ್ಟ ಪಾದದಿಂದ ಜಾಜಮನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ಕೆಳಗೆ ಮರದ ನೆಲ ಸ್ವಲ್ಪ ಮಿಡಿಯಿತು.

ಪ್ರಾಜಕ್ತಾ ರೇಷ್ಮೆ ಸೀರೆಯಲ್ಲಿ ಬಂಧುಗಳ ನಡುವೆ ಓಡಾಡುತ್ತಿದ್ದಳು. ರೈಲ್ವೆಯಲ್ಲಿ ಆಫೀಸರು, ಈಗ ಕಿರಿಯರಿಗೆ ಕೋಚ್. ಹೊಳೆವ್ವನನ್ನು ಕಂಡು ತಬ್ಬಿಕೊಂಡಳು, ಗಂಡನಿಗೆ ತೋರಿಸಿದಳು, "ನಮ್ಮ ತಂಡದಾಕಿ," ಎಂದಳು, ಅಷ್ಟರಲ್ಲಿ ಯಾರೋ ಕರೆದರು, ಹೋದಳು. ಮತ್ತೆ ಬರಲಿಲ್ಲ. ಹೊಳೆವ್ವ ಊಟ ಅರ್ಧಕ್ಕೆ ಬಿಟ್ಟು ಎದ್ದಳು. "ನಮ್ಮ ತಂಡದಾಕಿ ಅಂದ್ಲಲ್ರಿ," ಎಂದಳು ನನ್ನೊಡನೆ ಬಸ್‌ಸ್ಟ್ಯಾಂಡಿಗೆ ನಡೆಯುತ್ತ. "ಹೆಸರರ ಹೇಳಬೇಕಿತ್ತ."

ಅವಳ ಬಸ್ಸು ಹೊರಡುವ ಹೊತ್ತಿಗೆ ಸೀರೆಯ ನೆರಿಗೆ ಎತ್ತಿಕೊಂಡು ಪ್ರಾಜಕ್ತಾ ಓಡಿಬಂದಳು. ದಿಬ್ಬಣದ ಗಾಡಿಗಳೆಲ್ಲ ಕಾಗವಾಡಕ್ಕೆ ಹೊರಟಿದ್ದವು. ಅವಳು ತಾನು ಚಿಕ್ಕೋಡಿಯವರೆಗೆ ಬಸ್ಸಿನಲ್ಲಿ ಬರುತ್ತೇನೆ, ಅಲ್ಲಿ ಹತ್ತಿಸಿಕೊಳ್ಳಿ ಎಂದು ಗಂಡನಿಗೆ ಹೇಳಿ ಬಂದಿದ್ದಳು. ನಾನು ಚಿಕ್ಕೋಡಿಗೆ ಹೊರಟವನು, ಹಿಂದಿನ ಸೀಟಿನಲ್ಲಿದ್ದೆ.

"ಆಧಾರ ಕಾರ್ಡ ತೋರಿಸ, ಹೆಣ್ಣಮಕ್ಕಳಿಗಿ ಪುಕ್ಕಟ ಐತಿ," ಎಂದಳು ಹೊಳೆವ್ವ, ಮುಖ ಬಿಗಿದುಕೊಂಡೇ.

"ನಂದು ಬಿಲಾಸ್‌ಪುರದ ವಿಳಾಸ ಐತೆಲ್ಲ ಗ."

"ಹಂಗಾರ ರೊಕ್ಕ ತಗಿ. ನೀ ಈಗ ಹೊರಗಿನಾಕಿ."

ಪ್ರಾಜಕ್ತಾ ಟಿಕೆಟ್ ತೆಗೆದುಕೊಂಡು ಕಂಡಕ್ಟರ್ ಸೀಟಿನ ಪಕ್ಕ ಕುಳಿತಳು. ಬಸ್ಸು ಊರು ದಾಟಿತು. ಆಮೇಲೆ ಪ್ರಾಜಕ್ತಾ ಹೊರಗಿನ ಕಬ್ಬನ್ನು ನೋಡುತ್ತ ಹೇಳಿದಳು: "ಒಳಗ ನಿನ್ನ ಹಂತೇಕ ನಿಂತಿದ್ರ ಅಳ್ತಿದ್ನಿ. ಮದುವಿ ಮನ್ಯಾಗ ಬ್ಯಾಡ ಅಂತ ದೂರ ಹೋದ್ನಿ."

ಹೊಳೆವ್ವ ಚೀಲದ ಚಿಲ್ಲರೆ ಎಣಿಸುತ್ತಿದ್ದಳು.

"ರೈಲ್ವೆದಾಗ ಮೊದಲ ವರ್ಷ ನಾ ಎಡಕ್ಕ ಒಗದ ಚೆಂಡೆಲ್ಲಾ ಹೊರಗ ಹೋಗೂವು. ಅಲ್ಲಿ ಯಾರೂ ಇರ್ತಿರಲಿಲ್ಲ. ಕೋಚ್ ಬೈಯಾಂವ, ಯಾರಿಗಿ ಒಗಿಯಾಕತ್ತಿ ಅಂತ. ಏನ್ ಹೇಳಲಿ ಹೇಳ? ಆಮ್ಯಾಲ ನೋಡಿ ಒಗಿಯೂದ ಕಲತ್ನಿ. ನೋಡಿ ಒಗದ್ರ ಅದ್ರಾಗ ಏನ್ ಮಜಾ ಐತಿ?"

ಹೊಳೆವ್ವ ಟಿಕೆಟ್ ಮಷಿನ್ನನ್ನು ಮಡಿಲಲ್ಲಿಟ್ಟುಕೊಂಡು ಅವಳ ಕೈ ಹಿಡಿದಳು. ಚಿಕ್ಕೋಡಿ ಬರುವವರೆಗೆ ಬಿಡಲಿಲ್ಲ. ನಡುವೆ ಹತ್ತಿದವರು ಟಿಕೆಟ್ಟಿಗಾಗಿ ತಾವೇ ಅವಳ ಹತ್ತಿರ ಬಂದರು. ಒಂದೇ ಕೈಯಿಂದ ಕೊಟ್ಟಳು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಕಾರು ಕಾಯುತ್ತಿತ್ತು. ಪ್ರಾಜಕ್ತಾ ಇಳಿದು, ಒಂದು ಸಲ ಮೇಲೆ ನೋಡಿ, ಕಾರು ಹತ್ತಿದಳು. 

ಈಗ ಭಾನುವಾರಗಳಲ್ಲಿ ಫೋನಿನಲ್ಲಿ ಮಾತಾಡುತ್ತಾರಂತೆ. ಕೆಂಚವ್ವ ಸಂತೆಯಲ್ಲಿ ಸಿಕ್ಕರೆ, ಆಟ ಯಾವಾಗ ಶುರು ಎಂದು ಈಗಲೂ ಕೇಳುತ್ತಾಳೆ. ಮೊನ್ನೆ ಬಸ್ಸಿನಲ್ಲಿ ಹೊಳೆವ್ವ ಸಿಕ್ಕಿದ್ದಳು. ಡಿಪೋದಲ್ಲಿ ಚಿಕ್ಕೋಡಿಯಿಂದ ಅಥಣಿಯ ಮಾರ್ಗ ಕೊಡುತ್ತೇವೆ ಎಂದಿದ್ದರಂತೆ. ರಸ್ತೆ ಒಳ್ಳೆಯದು, ಕಾಲಿಗೂ ಹಿತ, ಅಪ್ಪನ ಬಿಡಾರಕ್ಕೂ ಹತ್ತಿರ.

"ಹೂಂ ಅಂದಿಯಲ್ಲ ಮತ್ತ?" ಎಂದೆ.

"ಬ್ಯಾಡಂದ್ನಿರಿ."

"ಯಾಕವಾ?"

"ಆ ದಾರಿ ಮ್ಯಾಲ ವಖಾರಿ ಬರೂದಿಲ್ಲಲ್ರಿ ಸರ," ಎಂದಳು ಹೊಳೆವ್ವ. ಹಿಂದಿನ ಸೀಟಿನಿಂದ ಯಾರೋ ಇಳಿಯುವವರಿದ್ದಾರೆ ಎಂದು ಕೂಗಿದರು. ಅವಳು ಗಂಟೆ ಬಾರಿಸಿ, ಬಾಗಿಲ ಕಡೆ ಹೋದಳು.